ಹೇಳಿಕೊಡುವುದು ಅಪರಾಧವಾದ ಕಾಲೇಜಿನಿಂದ

ಕೂತ ಮಹಾಜನರೇ, ನಿಂತ ಮಹಾಜನರೇ, ಕುರ್ಚಿ ಸಿಗದೆ ಕಂಬಕ್ಕೆ ಒರಗಿದ ಮಹಾಜನರೇ! ಹಿಂದಿನ ಸಾಲಿನಲ್ಲಿ ಶೇಂಗಾ ಸುಲಿಯುವ ಸದ್ದು ಸ್ವಲ್ಪ ನಿಲ್ಲಲಿ. ಪೇಟಿ ಮಾಸ್ತರರೇ, ಒಂದು ಸ್ವರ ಹಿಡಿದು ಬಿಡಿ. ಇದು ನಾಟಕವಲ್ಲ, ಕಾಗದ. ಆದರೆ ನನಗೆ ಕಾಗದ ಬರೆಯುವುದೂ ರಂಗದ ಮೇಲೆ ನಿಂತರೇ ಬರುತ್ತದೆ. ಕ್ಷಮಿಸಬೇಕು.

ಇವತ್ತು ಎರಡು ಸಾವಿರದ ನೂರ ಎಪ್ಪತ್ತೆಂಟನೆಯ ಇಸವಿ, ಫೆಬ್ರವರಿ ಮೂವತ್ತು. ನಗಬೇಡಿ. ನಿಮ್ಮ ಕಾಲದಲ್ಲಿ ಆ ತಿಂಗಳಿಗೆ ಇಪ್ಪತ್ತೆಂಟೇ ದಿನ, ನಾಲ್ಕು ವರ್ಷಕ್ಕೊಮ್ಮೆ ಒಂದು ಕೊಸರು ಎಂದು ಬಲ್ಲೆ. ನಮ್ಮವರು ಮೇ ತಿಂಗಳಿನಿಂದ ಎರಡು ದಿನ ಕಿತ್ತು ಇಲ್ಲಿಗೆ ತಂದು ಸೇರಿಸಿದರು. ಮೇ ಎಷ್ಟು ಗಿಡ್ಡವಾದರೆ ಅಷ್ಟು ಒಳ್ಳೆಯದು ಅನ್ನುವಂಥ ಬಿಸಿಲು ನಮ್ಮದು. ಪಂಚಾಂಗ ಬದಲಾಯಿತು, ಬಿಸಿಲು ಬದಲಾಗಲಿಲ್ಲ. ಈ ಕಾಗದದಲ್ಲಿ ನೀವು ಕೇಳರಿಯದ ಮಾತುಗಳು ಬರುತ್ತವೆ. ಬಂದ ಹಾಗೆ ಬಿಡಿಸಿ ಹೇಳುತ್ತೇನೆ. ಅರ್ಥವಾಗದ ಹೆಸರುಗಳಿಂದ ಒಂದು ಜೀವ ಹೇಗೆ ಹಾಳಾಗುತ್ತದೆ ಎಂದು ಹೇಳಹೊರಟವನು ನಾನೇ ಅರ್ಥವಾಗದ ಮಾತು ಆಡಿದರೆ ನನ್ನ ಬಾಯಿಗೆ ಮಣ್ಣು ಹಾಕಿ.

ಮೊದಲನೆಯ ಮಾತು ಹಿನ್ನಂಚೆ. ಹಾಗೆಂದರೆ ಹಿಂದಕ್ಕೆ ಹೋಗುವ ಅಂಚೆ. ನಮ್ಮ ಪೋಸ್ಟಾಫೀಸಿನ ಬಲಗಡೆಯ ಡಬ್ಬಿಗೆ ಹಾಕಿದ ಕಾಗದ ನಾಳೆಗೆ ಹೋಗುತ್ತದೆ, ಎಡಗಡೆಯ ಡಬ್ಬಿಗೆ ಹಾಕಿದ್ದು ನಿನ್ನೆಗೆ. ಅರವತ್ತು ತುಂಬಿದ ಪ್ರತಿಯೊಬ್ಬರಿಗೂ ಜೀವಮಾನಕ್ಕೆ ಒಂದೇ ಒಂದು ಹಿನ್ನಂಚೆಯ ಹಕ್ಕುಂಟು. ಬಹಳ ಜನ ಅದನ್ನು ತಮ್ಮ ತರುಣ ಕಾಲದ ತಮಗೇ ಬರೆದುಕೊಂಡು, ಆ ಹುಡುಗಿಯನ್ನು ಕೇಳು ಅಂತಲೋ, ಆ ಹುಡುಗಿಯನ್ನು ಕೇಳಬೇಡ ಅಂತಲೋ ಮುಗಿಸುತ್ತಾರೆ. ಅದರಿಂದ ಬರೆದವರ ಬದುಕು ಕೂದಲೆಳೆಯಷ್ಟೂ ಬದಲಾಗುವುದಿಲ್ಲ. ಕಾಗದ ಮುಟ್ಟಿದ ಕಡೆ ಕಾಲ ಕವಲೊಡೆದು ಬೇರೆ ದಾರಿ ಹಿಡಿಯುತ್ತದಂತೆ, ನಮ್ಮ ದಾರಿ ನಮಗೇ ಉಳಿಯುತ್ತದಂತೆ. ಅಂದರೆ ಇದನ್ನು ಬರೆದು ನನಗೆ ಸಿಗುವುದು ಏನೂ ಇಲ್ಲ. ಬಾಯಿ ತುಂಬ ಕಹಿ ಇಟ್ಟುಕೊಂಡವನಿಗೆ ಉಗುಳಲು ಒಂದು ಜಾಗ ಸಿಗುತ್ತದೆ, ಅಷ್ಟೇ. ಆ ಜಾಗ ನೀವು. ನೂರೈವತ್ತು ವರ್ಷ ಹಿಂದೆ ಕಾಲೇಜುಗಳಲ್ಲಿ ಓದುವವರು, ಓದಿಸುವವರು, ಓದಿಸುವವರ ಮೇಲೆ ಕೂತು ಸುತ್ತೋಲೆ ಬರೆಯುವವರು. ಮುಖ ಒರೆಸಿಕೊಳ್ಳಿ, ಮುಂದೆ ಕೇಳಿ.

ನನ್ನ ಹೆಸರು ದ್ಯಾಮಣ್ಣ ಪರದೇದ. ನನ್ನ ಅಪ್ಪ ಹಳ್ಳದ ಬಸವೇಶ್ವರ ಕೃಪಾಪೋಷಿತ ನಾಟ್ಯ ಸಂಘದಲ್ಲಿ ಮಾತು ಹೇಳಿಕೊಡುವ ಮಾಸ್ತರನಾಗಿದ್ದ. ಹೌದು, ನಾಟಕ ಕಂಪನಿಗಳು ಇನ್ನೂ ಇವೆ. ನಿಮ್ಮ ಸಿನಿಮಾ ಹೋಯಿತು, ನೀವು ಹಗಲೂ ಇರುಳೂ ಬೆರಳಿನಿಂದ ಉಜ್ಜುತ್ತಿದ್ದ ಗಾಜಿನ ತುಂಡುಗಳು ಹೋದವು, ತಗಡಿನ ಥೇಟರು ಮಾತ್ರ ಬಿಸಿಲಿನಿಂದ ಓಡುವ ಬಂಡಿ ಹತ್ತಿ ಊರೂರು ತಿರುಗುತ್ತಲೇ ಇದೆ. ಅಪ್ಪ ಪಕ್ಕದ ಪರದೆಯ ಹಿಂದೆ ಪುಸ್ತಕ ಹಿಡಿದು ನಲವತ್ತು ವರ್ಷ ನಿಂತ. ರಾಜನ ಪಾತ್ರದವನು ಕಿರೀಟ ಸರಿಮಾಡಿಕೊಳ್ಳುವ ನೆಪದಲ್ಲಿ ಮರೆತ ಮಾತು ಹುಡುಕುತ್ತಿದ್ದರೆ ಅಪ್ಪ ಮೊದಲಕ್ಷರವನ್ನು ಪಿಸುಗುಡುತ್ತಿದ್ದ. ರಾಜ ಗುಡುಗುತ್ತಿದ್ದ. ಜನ ಸಿಳ್ಳೆ ಹಾಕುತ್ತಿದ್ದರು. ಅಪ್ಪನ ಮುಖವನ್ನು ಒಬ್ಬರೂ ನೋಡಲಿಲ್ಲ. ಅವನು ನನಗೆ ಬಿಟ್ಟುಹೋದದ್ದು ಒಂದೇ ಮಾತು: “ತಮ್ಮಾ, ಮಾತು ಮರತಂವಂದು ತಪ್ಪಲ್ಲ. ಗೊತ್ತಿದ್ದೂ ಬಾಯಿ ಮುಚಗೊಂಡು ನಿಂತಂವಂದು ತಪ್ಪು.” ಈ ಮಾತನ್ನು ಮಡಿಲಲ್ಲಿ ಕಟ್ಟಿಕೊಳ್ಳಿ. ಮುಂದೆ ನನ್ನನ್ನು ಬಾರಿಸಲು ಇದೇ ಕೋಲು ಬೇಕಾಗುತ್ತದೆ. ಅಪ್ಪನ ಪಿಸುದನಿ ನನಗೆ ಬರಲಿಲ್ಲ. ನನಗೆ ಬಂದದ್ದು ರಾಕ್ಷಸ ಪಾತ್ರದ ಕಂಠ. ನಾನು ಕೆಮ್ಮಿದರೆ ಮುಂದಿನ ಸಾಲಿನ ಕೂಸುಗಳು ಎದ್ದು ಅಳುತ್ತಿದ್ದವು.

ಆ ಕಂಠಕ್ಕಾಗಿಯೇ ನನಗೆ ಮೂರನೇ ದಂಡೆಯ ಮಹಾವಿದ್ಯಾಲಯದಲ್ಲಿ ಕೆಲಸ ಸಿಕ್ಕಿತು. ನದಿಗೆ ಎರಡೇ ದಂಡೆ ಎಂದು ನೀವು ಓದಿದ್ದೀರಿ. ನಮ್ಮ ಮುತ್ತಜ್ಜಂದಿರು ಮಲಪ್ರಭೆಯನ್ನು ಎಳೆದು ಬೇರೆ ಪಾತ್ರಕ್ಕೆ ಕೂಡಿಸಿದರು, ಮಳೆಗಾಲ ಬಂದಾಗ ಅವಳು ತನ್ನ ಹಳೆಯ ಪಾತ್ರವನ್ನೂ ಬಿಡಲೊಲ್ಲೆ ಅಂದಳು. ಎರಡು ಹರಿವಿನ ನಡುವೆ ಉಳಿದ ನೆಲವೇ ಮೂರನೇ ದಂಡೆ. ಅಲ್ಲಿ ನಮ್ಮ ಕಾಲೇಜು. ಬೆಳಗಿನ ಐದಕ್ಕೆ ಶುರು, ಹನ್ನೊಂದಕ್ಕೆ ಬಿಸಿಲುಗಂಟೆ. ಆ ಗಂಟೆ ಬಾರಿಸಿದ ಮೇಲೆ ಅಂಗಳದಲ್ಲಿ ನಾಯಿಯೂ ನಿಲ್ಲುವುದಿಲ್ಲ. ಮಕ್ಕಳ ಕೊರಳಲ್ಲಿ ಒಂದೊಂದು ಮಣಿ. ಯಾರು ಬಂದರು, ಯಾರು ಹೋದರು, ಯಾವ ಪಾಠದಲ್ಲಿ ಆಕಳಿಸಿದರು ಎಲ್ಲ ಅದಕ್ಕೆ ಗೊತ್ತು. ಅಂಗಳದ ಮೇಲೆ ಒದ್ದೆ ಚಾದರದ ಚಪ್ಪರ, ಅದರ ಕೆಳಗೆ ಜೋಳದ ರೊಟ್ಟಿ, ಅಗಸಿ ಹಿಂಡಿ. ಇವೆರಡು ನಿಮ್ಮ ಕಾಲದಿಂದ ಹಾಗೇ ನಡೆದು ಬಂದಿವೆ, ಅದಕ್ಕಾಗಿ ನಿಮಗೆ ನಮಸ್ಕಾರ. ಉಳಿದ ಯಾವುದಕ್ಕೂ ಇಲ್ಲ.

ಏಕೆ ಇಲ್ಲ? ಹೇಳುತ್ತೇನೆ. ನಮ್ಮ ಸಂಗ್ರಹಾಲಯದಲ್ಲಿ ನಿಮ್ಮ ಕಾಲದ ಒಂದು ಚಿತ್ರವಿದೆ. ‘ವಿದ್ಯಾರ್ಥಿ ಸಹಾಯ ಕೇಂದ್ರ’ ಎಂಬ ಬೋರ್ಡು, ರಿಬ್ಬನ್ನು, ಕತ್ತರಿ, ಹಲ್ಲು ಕಿರಿದ ಹನ್ನೆರಡು ಜನ. ಪಕ್ಕದಲ್ಲಿ ಅದೇ ಕೋಣೆಯ ಮರುವರ್ಷದ ಚಿತ್ರ: ಬೀಗ, ಕಿಟಕಿಯೊಳಗೆ ಕಾಲು ಮುರಿದ ಬೆಂಚುಗಳು. ತಪಾಸಣೆಯ ಸಮಿತಿ ಬರುವ ವಾರ ಬೀಗ ತೆಗೆದು ಕಸ ಹೊಡೆದು ಊದುಬತ್ತಿ ಹಚ್ಚುತ್ತಿದ್ದರಂತೆ. ಅದು ಮೊದಲನೆಯ ಅಂಕ. ನಾವು ಅದನ್ನು ಐದನೆಯ ಅಂಕದ ತನಕ ಆಡಿದೆವು. ನಮ್ಮ ಕಾಲೇಜಿನಲ್ಲಿ ಸಹಾಯಕ್ಕೆಂದೇ ನಲವತ್ಮೂರು ಪ್ರಕೋಷ್ಠಗಳಿವೆ. ಪ್ರಕೋಷ್ಠ ಅಂದರೆ ಕೋಣೆ; ಕೋಣೆ ಅಂದರೆ ಎಲ್ಲರಿಗೂ ತಿಳಿದುಬಿಡುತ್ತದೆ ಎಂದು ಪ್ರಕೋಷ್ಠ ಅಂದರು. ಓದಿನಲ್ಲಿ ಹಿಂದೆ ಬಿದ್ದವರಿಗೆ ಪಾಠ ಹೇಳುವ ಕೋಣೆಯನ್ನು ಜನ ದಡ್ಡರ ಕ್ಲಾಸು ಅನ್ನುತ್ತಿದ್ದರು. ಮಕ್ಕಳಿಗೆ ಅವಮಾನವಾದೀತೆಂದು ಪರಿಹಾರ ಬೋಧನೆ ಎಂದು ಕರೆದರು. ಪರಿಹಾರ ಅಂದರೆ ನೆರೆ ಬಂದಾಗ ಕೊಡುವುದಲ್ಲವೇ ಎಂದು ಅದು ಪುನರ್ಬೋಧನೆಯಾಯಿತು. ಈಗ ಅದರ ಹೆಸರು ಸ್ವಾಧ್ಯಯನ ಸಬಲೀಕರಣ ಪ್ರಕೋಷ್ಠ. ಮುಂದೆ ಯಾವ ಕೆಲಸ ಹಿಡಿಯಬೇಕು, ಯಾವ ಪರೀಕ್ಷೆಗೆ ಕೂಡಬೇಕು ಎಂದು ತಿಳಿಸುವ ಕೋಣೆಯ ಹೆಸರು ಉತ್ತರಾಯುಷ್ಯ ವಿನ್ಯಾಸ ಪ್ರಕೋಷ್ಠ. ಒಬ್ಬ ಹುಡುಗ ಅದನ್ನು ಮುದುಕರ ದವಾಖಾನೆ ಎಂದು ತಿಳಿದು ಅಜ್ಜಿಯನ್ನು ಕರೆತಂದಿದ್ದ. ನಗಬಹುದು. ನಾನೂ ನಕ್ಕಿದ್ದೆ.

ಈಗ ಕದಗಿವಿಯ ಮಾತು. ಕದಕ್ಕೆ ಹಚ್ಚಿದ ಯಂತ್ರದ ಕಿವಿ, ಅದೇ ಕದಗಿವಿ. ಹಿಂದೆ ಮಕ್ಕಳು ಸಹಾಯ ಕೇಳಲು ಹೋದರೆ ಗುಮಾಸ್ತ ತಲೆ ಎತ್ತದೆ, “ಏನಪಾ, ಮತ್ತ ಡುಮಕಿ ಹೊಡದಿ?” ಅನ್ನುತ್ತಿದ್ದನಂತೆ. ಆದ್ದರಿಂದ ಗುಮಾಸ್ತನನ್ನು ತೆಗೆದು ಕಿವಿ ಕೂಡಿಸಿದರು. ಉದ್ದೇಶ ಒಳ್ಳೆಯದೇ, ನರಕಕ್ಕೆ ಹಾಸಿದ ಕಲ್ಲೆಲ್ಲ ಒಳ್ಳೆಯ ಗಣಿಯವೇ. ಯಾರು ಯಾವ ಕೋಣೆಗೆ ಹೋದರೆಂದು ಬೇರೆಯವರು ಆಡಿಕೊಳ್ಳಬಾರದೆಂದು ಬೋರ್ಡುಗಳನ್ನೂ ಕಿತ್ತರು. ಈಗ ಒಂದು ಉದ್ದನೆಯ ಮೊಗಸಾಲೆ, ನಲವತ್ಮೂರು ಬೂದಿ ಬಣ್ಣದ ಬಾಗಿಲು, ಯಾವುದರ ಮೇಲೂ ಒಂದಕ್ಷರವಿಲ್ಲ. ಮೊಗಸಾಲೆಯ ಬಾಯಲ್ಲಿ ನಿಂತು, ಕೊರಳಲ್ಲಿ ಮಣಿ ಇದ್ದವರು, ಪ್ರಕೋಷ್ಠದ ಹೆಸರನ್ನು ಒಂದಕ್ಷರ ತಪ್ಪದಂತೆ ಹೇಳಿದರೆ ಆ ಬಾಗಿಲು ತೆರೆಯುತ್ತದೆ. ಹೆಸರುಗಳು ಎಲ್ಲಿ ಸಿಗುತ್ತವೆ? ಆರುನೂರು ಪುಟದ ಕೈಪಿಡಿಯಲ್ಲಿ. ಕೈಪಿಡಿ ಎಲ್ಲಿದೆ? ಮಾಹಿತಿ ಸುಗಮ್ಯತಾ ಪ್ರಕೋಷ್ಠದಲ್ಲಿ. ಅದರ ಬಾಗಿಲು ತೆರೆಯುವುದು ಹೇಗೆ? ಅದರ ಹೆಸರು ಹೇಳಿದರೆ. ಮಹಾಜನರೇ, ನಾನು ನೂರಾರು ಪ್ರಹಸನ ಆಡಿದ್ದೇನೆ. ಇಂಥದ್ದನ್ನು ಬರೆದ ಕವಿಯನ್ನು ನಮ್ಮ ಕಂಪನಿಯ ಮಾಲಕ ಹುಚ್ಚನೆಂದು ಓಡಿಸುತ್ತಿದ್ದ.

ಹಾಗಾದರೆ ಯಾರಿಗೂ ಬಾಗಿಲು ತೆರೆಯುವುದಿಲ್ಲವೇ? ತೆರೆಯುತ್ತದೆ, ಯಾಕೆ ತೆರೆಯುವುದಿಲ್ಲ! ಯಾರ ಅಪ್ಪ ಈ ಕಾಲೇಜಿನಲ್ಲಿ ಓದಿದ್ದನೋ, ಯಾರ ಸೋದರತ್ತೆ ಸಮಿತಿಯಲ್ಲಿ ಕೂತಿದ್ದಳೋ, ಅವರ ಮಕ್ಕಳಿಗೆ ಮನೆಯಲ್ಲೇ ರೊಟ್ಟಿ ಬಡಿಸುವಾಗ ಕಿವಿಯಲ್ಲಿ ಹೆಸರು ಬೀಳುತ್ತದೆ. ಅವರು ಬಂದು ಮಂತ್ರ ಹೇಳಿದ ಹಾಗೆ ಹೇಳಿ ಒಳಗೆ ಹೋಗುತ್ತಾರೆ. ಉಳಿದವರು ಗೋಡೆ ನೋಡುತ್ತಾರೆ.

ಈ ಪ್ರಹಸನದಲ್ಲಿ ನನ್ನ ಪಾತ್ರ ಸಾರುವವನದು. ಸಹಾಯ ಇದೆಯೆಂದು ಪ್ರಚಾರ ಮಾಡಲೇಬೇಕು ಎಂಬ ಕಾಯಿದೆ ಇದೆ. ಆದ್ದರಿಂದ ದಿನಾ ಬೆಳಿಗ್ಗೆ ನಾನು ಅಂಗಳದ ಮೆಟ್ಟಿಲ ಮೇಲೆ ನಿಂತು, “ಕೇಳಿರಿ ಮಹಾಜನರೇ! ಈ ಕಾಲೇಜಿನಲ್ಲಿ ನಲವತ್ಮೂರು ತೆರನಾದ ಸಹಾಯ ಲಭ್ಯವಿದೆ, ಲಭ್ಯವಿದೆ, ಲಭ್ಯವಿದೆ!” ಎಂದು ಮೂರು ಸಲ ಗುಡುಗಬೇಕು. ಹೆಸರು ಮಾತ್ರ ಹೇಳಕೂಡದು. ಹೆಸರನ್ನು ತಾನೇ ಹುಡುಕಿ ಬಂದವನಿಗೇ ನಿಜವಾದ ಅಗತ್ಯ, ಹೇಳಿಕೊಟ್ಟರೆ ಅಗತ್ಯದ ಪರೀಕ್ಷೆ ಕೆಡುತ್ತದೆ ಎನ್ನುವುದು ನಿಯಮ. ಬಾಯಿತಪ್ಪಿಯೂ ಬರಬಾರದ ಮಾತುಗಳು ಎಂದು ನಲವತ್ಮೂರು ಹೆಸರುಗಳ ಪಟ್ಟಿಯನ್ನು ಕೆಲಸಕ್ಕೆ ಸೇರಿದ ದಿನವೇ ನನಗೆ ಬಾಯಿಪಾಠ ಮಾಡಿಸಿದರು. ಹೀಗೆ ಇಡೀ ಕಾಲೇಜಿನಲ್ಲಿ ಎಲ್ಲ ಹೆಸರೂ ಬಲ್ಲವನು ನಾನೊಬ್ಬ, ಹೇಳಬಾರದವನೂ ನಾನೊಬ್ಬ. ಹುಡುಗರು ನನಗೆ ಕೂಗಜ್ಜ ಎಂದು ಹೆಸರಿಟ್ಟರು. ನಾನು ಮೀಸೆ ತಿರುವಿಕೊಂಡು ಒಂಬತ್ತು ವರ್ಷ ಕೂಗಿದೆ.

ಬಾಗಿಲ ಆಚೆಯವರ ಕಥೆಯೂ ಕೇಳಿ. ಆ ಸ್ವಾಧ್ಯಯನ ಸಬಲೀಕರಣದ ಕೋಣೆಯಲ್ಲಿ ಪದ್ಮರಾಜ ಉಪಾಧ್ಯೆ ಎಂಬ ಮಾಸ್ತರರು ಆರು ವರ್ಷದಿಂದ ಕೂತಿದ್ದಾರೆ. ಹರಿವಿನ ಗಣಿತ, ಅಂದರೆ ಯಾವ ತೂಬು ಎಷ್ಟು ಎತ್ತಿದರೆ ನೀರು ಯಾವ ಊರಿಗೆ ಎಷ್ಟು ಹೊತ್ತಿಗೆ ಮುಟ್ಟುತ್ತದೆ ಎಂಬ ಲೆಕ್ಕ, ಅವರಿಗೆ ಬೆರಳ ತುದಿಯಲ್ಲಿದೆ. ಬಾಗಿಲು ಹೊರಗಿನಿಂದಲೇ ತೆರೆಯಬೇಕು. ಮಾಸ್ತರರು ಹೊರಬಂದು ಮಕ್ಕಳನ್ನು ಕರೆಯುವಂತಿಲ್ಲ. ಹೆಸರು ಬಲ್ಲ ಮನೆಯ ಮಕ್ಕಳಿಗೆ ಆ ಕೋಣೆಯ ಪಾಠ ಬೇಕಿಲ್ಲ. ಬಿಸಿಲುಗಂಟೆಯಾದ ಮೇಲೆ ಹಿಂದಿನ ಗೇಟಿನಿಂದ ಮನೆಗೆ ಹೋಗುತ್ತಾರೆ. ಅಂಗಿಯ ಕಿಸೆಯಲ್ಲಿ ಸದಾ ಒಂದು ಸೀಮೆಸುಣ್ಣ. ಒಮ್ಮೆ ಅದನ್ನು ತೆಗೆದು ನನ್ನ ಮುಂದೆ ಹಿಡಿದು, “ನೋಡು ದ್ಯಾಮಣ್ಣ, ಆರು ವರ್ಷ ಆತು, ಖಡು ಒಂದು ನೂಲು ಸವದಿಲ್ಲ. ನಾ ಮಾಸ್ತರನೋ, ಖಡು ಕಾಯೋ ಪೊಲೀಸನೋ?” ಅಂದರು. ಅಳು ತಡೆದ ನಗೆಯನ್ನು ಆ ದಿನ ನೋಡಿದೆ.

ಈಗ ನಾಯಕಿಯ ಪ್ರವೇಶ. ಪೇಟಿ ಬೇಡ. ಆಕೆ ಪೇಟಿ ಬಾರಿಸಿಕೊಂಡು ಬರುವವಳಲ್ಲ.

ನೀಲಗಂಗಾ ಸುಣಗಾರ. ಮೂರನೇ ದಂಡೆಯ ತಗ್ಗಿನ ಓಣಿಯವಳು. ಅವರದು ಬಲೆ ಬೀಸುವ ಮನೆತನ; ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ಇವಳೇ ಮೊದಲನೆಯವಳು. ಮೇಲಿನ ಅಣೆಕಟ್ಟಿನವರು ಹೇಳದೆ ಕೇಳದೆ ನೀರು ಬಿಟ್ಟಾಗಲೆಲ್ಲ ಅವರ ಓಣಿಯ ದೋಣಿ, ಬಲೆ, ಒಲೆಯ ಕಲ್ಲು ತೇಲಿಹೋಗುತ್ತವೆ. ಅವಳಿಗೆ ತೂಬುಗಾತಿಯಾಗಬೇಕು. ತೂಬು ಎತ್ತುವ, ಇಳಿಸುವ ಅಧಿಕಾರದ ಹುದ್ದೆ ಅದು. ಐದು ವರ್ಷಕ್ಕೊಮ್ಮೆ ಪರೀಕ್ಷೆ. ಈ ವರ್ಷ ಮಾರ್ಚ್ ಹನ್ನೆರಡಕ್ಕೆ. ಮುಂದಿನದಕ್ಕೆ ಅವಳ ವಯಸ್ಸು ಮೀರಿರುತ್ತದೆ. ಏಕೆ ಈ ಹುದ್ದೆಯೇ ಬೇಕು ಎಂದು ನಾನೊಮ್ಮೆ ಕೇಳಿದ್ದೆ. “ನೀರು ಬಿಡೋರೊಳಗ ನಮ್ಮ ಓಣಿಯವ್ರು ಒಬ್ರಾದ್ರೂ ಇರಬೇಕಲ್ಲಜ್ಜಾ,” ಅಂದಳು, “ಬಿಡೂಕ್ಕಿಂತ ಮುಂಚೆ ಒಂದು ಸಲ ಕೂಗಾಕ.” ಎಲ್ಲ ಪಾಠದಲ್ಲೂ ಮುಂದಿದ್ದವಳು ಹರಿವಿನ ಗಣಿತದಲ್ಲಿ ಮಾತ್ರ ಎರಡು ಸಲ ಬಿದ್ದಿದ್ದಳು. ತೂಬುಗಾತಿಯ ಪರೀಕ್ಷೆಯ ತುಂಬ ಅದೇ ಲೆಕ್ಕ. ಆ ಪಾಠದ ಮಾಸ್ತರರು ಅವಳು ರೊಟ್ಟಿ ತಿನ್ನುವ ಜಾಗದಿಂದ ಮೂವತ್ತು ಹೆಜ್ಜೆಯಲ್ಲಿ, ಬಾಗಿಲ ಆಚೆ, ಸೀಮೆಸುಣ್ಣ ಕಾಯುತ್ತ ಕೂತಿದ್ದರು.

ದಿನಾ ನನ್ನ ಮೆಟ್ಟಿಲ ಕೆಳಗೇ ಕೂತು ತಿನ್ನುತ್ತ ನನ್ನನ್ನು ಕಾಡುವಳು. “ಕೂಗಜ್ಜಾ, ದಿನಾ ನಲವತ್ಮೂರು ಅಂತ ಒದರ್ತಿ. ಲಗ್ನದಾಗ ಹೋಳಿಗಿ, ತುಪ್ಪ, ಮಂಡಿಗಿ ಅಂತ ಓದಿ ಹೇಳಿ ಅಡಗಿ ಮನಿ ಬಾಗಲಾ ಹಾಕಿದಂಗಾತು ನೋಡು.”

ನಾನು ನಾಟಕದ ನಗೆ ನಕ್ಕು, “ತಾಯೀ, ನಾ ಗುಡಿ ಗಂಟಿ ಅಷ್ಟ. ಒಳಗ ದೇವ್ರು ಎಲ್ಲಿ ಕುಂತಾನ ಅಂತ ಗಂಟಿಗೆ ಕೇಳಬಾರ್ದು,” ಅಂದೆ.

“ಗಂಟಿಗೂ ನಾಲಿಗಿ ಇರ್ತೈತಿ ಅಜ್ಜಾ. ನಿನ್ನ ನಾಲಿಗಿ ಯಾರು ಕಿತಗೊಂಡ್ರು?”

ಸುತ್ತ ಕೂತವರು ಹೋ ಎಂದು ನಕ್ಕರು. ನಾನೂ ನಕ್ಕೆ. ಜನ ನಕ್ಕರೆ ಸಾಕು, ನನ್ನ ಮೇಲೆ ನಕ್ಕರೂ ಸರಿ, ಅದು ರಂಗದ ಚಟ.

ಜನವರಿಯ ಕೊನೆಯ ದಿನ ಅವಳು ರೊಟ್ಟಿ ಅರ್ಧಕ್ಕೆ ಬಿಟ್ಟು ಎದ್ದು ಮೊಗಸಾಲೆಯ ಬಾಯಿಗೆ ಹೋಗಿ ನಿಂತಳು. “ಗಣಿತದ ಟ್ಯೂಶನ್ನು” ಅಂದಳು. ನಲವತ್ಮೂರು ಬಾಗಿಲೂ ಸುಮ್ಮನಿದ್ದವು. “ಹೆಚ್ಚಿನ ಕ್ಲಾಸು.” ಸುಮ್ಮನೆ. “ಗಣಿತದ ಸಹಾಯ ಕೇಂದ್ರ.” ಸುಮ್ಮನೆ. ಆಮೇಲೆ ತಿರುಗಿ ನನ್ನನ್ನು ನೋಡಿದಳು. ಮಹಾಜನರೇ, ಆ ನೋಟ ನನಗೆ ಹೊಸದಲ್ಲ. ತೊಟ್ಟಿಲಲ್ಲಿದ್ದಾಗಿನಿಂದ ನೋಡಿದ್ದೇನೆ. ಮಾತು ಮರೆತ ರಾಜ ಪಕ್ಕದ ಪರದೆಯ ಕಡೆ ಹಾಗೇ ನೋಡುತ್ತಿದ್ದ. ನಮ್ಮ ನಡುವೆ ಎಂಟು ಹೆಜ್ಜೆ. ‘ಸ್ವಾ’ ಎಂದು ಶುರು ಮಾಡಿದರೆ ಸಾಕಿತ್ತು, ಉಳಿದದ್ದು ನನ್ನ ಬಾಯಿಂದ ತಾನೇ ಬರುತ್ತಿತ್ತು. ನನ್ನ ನಾಲಿಗೆ ಮೇಲೆದ್ದಿತು. ನನ್ನ ನೆರಳಿನ ಜಾಗ, ನನ್ನ ಮೆಟ್ಟಿಲು, ನನ್ನ ಬೆಳಗಿನ ಮೂರು ಗುಡುಗು ಎಲ್ಲ ಕಣ್ಣ ಮುಂದೆ ಬಂದವು. ನಾನು ಅವಳ ಕಡೆಯಿಂದ ಮುಖ ತಿರುಗಿಸಿ, ಅಂಗಳದ ಕಡೆ ಎದೆ ಉಬ್ಬಿಸಿ, “ಕೇಳಿರಿ ಮಹಾಜನರೇ! ನಲವತ್ಮೂರು ತೆರನಾದ ಸಹಾಯ!” ಎಂದು ಕೂಗಿದೆ. ಅವತ್ತಿನ ಮೂರು ಕೂಗು ಮೊದಲೇ ಮುಗಿದಿದ್ದವು. ಅದು ನಾಲ್ಕನೆಯದು.

ಅವಳಿಗೆ ರೇಗಿತು. ಗೋಡೆಯ ಕಡೆ ತಿರುಗಿ, “ಒಳಗ ಯಾರರ ಇದ್ರ ನನಗೊಂದೀಟು ಹೇಳಿಕೊಡ್ರೀ! ಪರೀಕ್ಷಾ ಸಮೀಪ ಬಂದೈತಿ!” ಅಂದಳು.

ಮೊಗಸಾಲೆಯ ತುಂಬ ಕೆಂಪು ದೀಪ ಹತ್ತಿತು.

ಹೇಳಿಕೊಡು. ಎಷ್ಟು ಚಂದದ ಮಾತು. ಗುರು ಮಾಡುವುದು ಹೇಳಿಕೊಡುವುದು. ಅವ್ವ ಮಗಳಿಗೆ ಹದ ಹೇಳಿಕೊಡುತ್ತಾಳೆ. ನನ್ನ ಅಪ್ಪ ರಾಜರಿಗೆ ಮಾತು ಹೇಳಿಕೊಟ್ಟ. ಆದರೆ ಪರೀಕ್ಷೆಯ ಕೋಣೆಯಲ್ಲಿ ಪಕ್ಕದವನು ಉತ್ತರ ಪಿಸುಗುಟ್ಟಿದರೆ ಅದಕ್ಕೂ ಜನ ಹೇಳಿಕೊಡುವುದು ಅಂತಲೇ ಅನ್ನುತ್ತಾರೆ. ಕದಗಿವಿಗೆ ಕನ್ನಡ ಕಲಿಸಿದ ಪುಣ್ಯಾತ್ಮರು ಅದನ್ನು ತರಗತಿಯಲ್ಲಿ ಕೂಡಿಸಲಿಲ್ಲ, ಅಡಿಗೆ ಮನೆಯಲ್ಲಿ ಕೂಡಿಸಲಿಲ್ಲ. ನಿಮ್ಮ ಕಾಲದಿಂದ ಕೂಡಿಟ್ಟ ಪರೀಕ್ಷಾ ಅಕ್ರಮದ ಕಡತಗಳನ್ನು ಓದಿಸಿ ಕಲಿಸಿದರು. ಅದಕ್ಕೆ ಗೊತ್ತಿದ್ದ ಹೇಳಿಕೊಡುವಿಕೆ ಅದೊಂದೇ. ಕಲಿಸಿರಿ ಎಂದು ಕೇಳಿದ ಹುಡುಗಿಯ ಮೇಲೆ ಅದು ‘ಅಕ್ರಮಕ್ಕೆ ಬಹಿರಂಗ ಕೋರಿಕೆ’ ಎಂದು ಬರೆದುಕೊಂಡಿತು.

ವಿಚಾರಣೆಗೆ ಪ್ರಾಚಾರ್ಯೆ ಹಿರೇಗೌಡರ ಮೇಡಂ, ಮತ್ತಿಬ್ಬರು. ಕೆಟ್ಟವರೇನಲ್ಲ. ನಾನು ಏಕಮಾತ್ರ ಸಾಕ್ಷಿ. ಮೇಡಂ ಕೇಳಿದ್ದು ಒಂದೇ ಪ್ರಶ್ನೆ: “ಆಕಿ ಏನಂದ್ಲು, ದ್ಯಾಮಣ್ಣ?” ಉತ್ತರ ಎರಡೇ ಶಬ್ದ: ಕಲಿಸ್ರಿ ಅಂದ್ಲು. ಆದರೆ ಮುಂದೆ ಸಭೆ ಇತ್ತು, ಮಹಾಜನರೇ! ಕುರ್ಚಿಗಳಿದ್ದವು, ಕಿಟಕಿಯಾಚೆ ಹುಡುಗರು ಇಣುಕುತ್ತಿದ್ದರು. ನಾನು ಎದ್ದು ನಿಂತು ಸರಸ್ವತಿಯಿಂದ ಶುರು ಮಾಡಿದೆ. ಹೇಳಿಕೊಡು ಎಂಬ ಶಬ್ದದ ಮಹಿಮೆಯನ್ನು ವರ್ಣಿಸಿದೆ. ನನ್ನ ಅಪ್ಪನನ್ನು ತಂದೆ, ಅವನ ಸಾವನ್ನು ತಂದೆ, ಕಣ್ಣೀರು ತಂದೆ. ಇಪ್ಪತ್ತು ನಿಮಿಷ. ಹುಡುಗರು ಸಿಳ್ಳೆ ಹಾಕಿದರು, ಮೇಡಂ ಸೆರಗಿನಿಂದ ಕಣ್ಣು ಒರೆಸಿಕೊಂಡರು. ನೀಲಗಂಗಾ ಮಾತ್ರ ತಲೆ ತಗ್ಗಿಸಿ ಕೂತಿದ್ದಳು. ಮರುದಿನ ತೀರ್ಪು ಬಂತು: ‘ಆಪಾದಿತೆಯು ಹೇಳಿಕೊಡಿ ಎಂಬ ಶಬ್ದವನ್ನು ಬಳಸಿದ್ದನ್ನು ಸಾಕ್ಷಿಯು ತನ್ನ ಹೇಳಿಕೆಯಲ್ಲಿ ಹನ್ನೊಂದು ಸಲ ದೃಢಪಡಿಸಿರುತ್ತಾನೆ.’ ಒಂದು ವರ್ಷ ಯಾವ ಪರೀಕ್ಷೆಗೂ ಕೂಡುವಂತಿಲ್ಲ.

ನನ್ನ ಜೀವಮಾನದ ಅತ್ಯುತ್ತಮ ಅಭಿನಯ ಅದು. ಅದರ ಚಪ್ಪಾಳೆ ಇನ್ನೂ ನನ್ನ ಕಿವಿಯಲ್ಲಿ ಹುಳದ ಹಾಗೆ ಗುಂಯ್‌ಗುಡುತ್ತಿದೆ.

ಉಪಾಧ್ಯೆ ಮಾಸ್ತರರಿಗೆ ಗೇಟಿನಲ್ಲಿ ವಿಷಯ ಹೇಳಿದೆ. ಅವರು ನಿಂತಲ್ಲೇ ನಿಂತರು. “ಹರಿವಿನ ಗಣಿತಾನ? ಅದು ನಂದ ಪಾಠ ಅಲ್ಲೇನೊ! ಎರಡು ವಾರದಾಗ ಹೇಳಿಕೊಡ್ತಿದ್ನಲ್ಲೊ...” ಎಂದವರು ತಟ್ಟನೆ 'ಹೇಳಿಕೊಡು' ಬಾಯಿಗೆ ಬಂತಲ್ಲ ಎಂದು ಹೆದರಿ ಆಚೆ ಈಚೆ ನೋಡಿದರು. ಒಬ್ಬ ಮಾಸ್ತರ ಆ ಮಾತಿಗೆ ಹೆದರಿದ್ದನ್ನು ಕಂಡ ದಿನ, ಈ ಹಿನ್ನಂಚೆಯನ್ನು ನಿಮಗೆ ಬರೆಯಬೇಕೆಂದು ಗೊತ್ತು ಮಾಡಿಕೊಂಡೆ.

ಒಂದು ದಾರಿ ಇನ್ನೂ ಉಳಿದಿದೆ. ತೀರ್ಪನ್ನು ಮತ್ತೆ ಕೇಳಿರಿ ಎಂದು ಬೇಡುವುದಕ್ಕೂ ಒಂದು ಪ್ರಕೋಷ್ಠ ಇದೆ, ನಲವತ್ತೊಂದನೆಯದು. ಒಳಗೆ ಕೂತು ಕೇಳುವುದು ಕದಗಿವಿಯಲ್ಲ, ಮನುಷ್ಯರು. ಅಲ್ಲಿಗೆ ಹೋದವಳು ‘ಕಲಿಸ್ರಿ ಅಂದಿದ್ದೆ’ ಎಂದರೆ ಸಾಕು, ಉಪಾಧ್ಯೆಯವರ ಪಾಠಕ್ಕೂ ಪರೀಕ್ಷೆಗೂ ಹನ್ನೆರಡು ದಿನ ಸಿಗುತ್ತದೆ. ಹುಡುಗಿ ಬುದ್ಧಿವಂತೆ, ಹನ್ನೆರಡು ದಿನ ಸಾಕು. ಆದರೆ ಹಾಗೆ ಬೇಡುವ ಅವಧಿ ನಾಳೆಯ ಬಿಸಿಲುಗಂಟೆಗೆ ಮುಗಿಯುತ್ತದೆ. ಮತ್ತು ಆ ಬಾಗಿಲಿಗೂ ಹೆಸರು ಹೇಳಬೇಕು.

ಇವತ್ತು ಬೆಳಿಗ್ಗೆ ಕೂಗು ಮುಗಿಸಿದವನೇ ತಗ್ಗಿನ ಓಣಿಗೆ ಹೋದೆ. ಅವಳ ಅವ್ವ ಕಟ್ಟೆಯ ಮೇಲೆ ಬಲೆ ಹೊಲಿಯುತ್ತಿದ್ದಳು, ಇವಳು ಪಕ್ಕದಲ್ಲಿ ದಾರ ಬಿಡಿಸುತ್ತಿದ್ದಳು. ನನ್ನನ್ನು ನೋಡಿ, “ಬಾ ಅಜ್ಜಾ. ಏನು, ಸೊಗಸಾಗಿ ಮಾತಾಡಿದಿ ಬಿಡು ಅವತ್ತು. ನಮ್ಮವ್ವಗೂ ಒಂದೀಟು ಕುಣದು ತೋರ್ಸು,” ಅಂದಳು. ಹತ್ತಿರ ಹೋಗಿ ಬಾಗಿ, “ಕಿವಿ ತಾ ಇಲ್ಲಿ, ಹೆಸರು ಹೇಳ್ತೇನಿ. ಯಾರಿಗೂ ಗೊತ್ತಾಗೂದಿಲ್ಲ,” ಅಂದೆ.

ಅವಳು ಹಿಂದೆ ಸರಿದಳು. “ಬ್ಯಾಡಜ್ಜಾ. ಕಿವ್ಯಾಗ ಹೇಳಿದ್ರ ಅದು ವಶೀಲಿ. ಅವರ ಮಾವಗೋಳು ಹೇಳಿದಂಗ ನನಗ ನೀ ಹೇಳಿದಂಗಾತು. ನನ್ನ ಹಿಂದ ನಮ್ಮ ಓಣಿಯಿಂದ ಬರೋ ಹುಡುಗಿ ಮತ್ತ ಗ್ವಾಡಿ ನೋಡ್ಕೋತ ನಿಂದರಬೇಕೇನು? ಹೇಳೂದಿದ್ರ ಮೆಟ್ಟಲ ಮ್ಯಾಲ ನಿಂತು ಹೇಳು. ಎಲ್ಲಾರಿಗೂ ಕೇಳೂಹಂಗ. ಅಂಥಾ ಗಂಟಲಾ ಕೊಟ್ಟಾನ ದೇವ್ರು, ಅದನ್ನಿಟಗೊಂಡು ಪಿಸಪಿಸ ಅಂತಿಯಲ್ಲ!”

“ಇದರ ಹಟಾ ಹಿಂಗ ಐತ್ರೀ,” ಅಂದಳು ಅವ್ವ ದಾರ ಕಚ್ಚಿ ಹರಿಯುತ್ತ, “ನೀವು ಹೇಳಿಬಿಡ್ರಿ, ಕೇಳಿಸ್ಕೊಂತಾಳ.” ಆದರೆ ಮಗಳು ಎರಡೂ ಕಿವಿಯ ಮೇಲೆ ಕೈ ಇಟ್ಟುಕೊಂಡು, ನನ್ನನ್ನೇ ನೋಡುತ್ತ, “ನಾಳೆ ಬರ್ತೇನಿ. ಎಲ್ಲಾರ ಜೋಡಿ ಕೇಳ್ತೇನಿ. ನೀ ಬಾಯಿ ತಗದ್ರ ಆತು, ಇಲ್ಲಂದ್ರ ಇಲ್ಲ,” ಅಂದಳು.

ನಾನು ಪಿಸುಗುಡಲು ಹೋದದ್ದು ಏಕೆಂದು ನಿಮಗೂ ತಿಳಿಯಿತು, ಅವಳಿಗೂ ತಿಳಿಯಿತು. ಪಿಸುಮಾತಿಗೆ ನನ್ನ ಮೆಟ್ಟಿಲು ಹೋಗುತ್ತಿರಲಿಲ್ಲ. ಅಪ್ಪ ಪರದೆಯ ಹಿಂದೆ ನಿಂತು ಪಿಸುಗುಟ್ಟಿದ್ದು ತನ್ನನ್ನು ಮರೆಸಿಕೊಂಡು ಇನ್ನೊಬ್ಬರನ್ನು ಮೆರೆಸಲು. ನಾನು ಪಿಸುಗುಟ್ಟಲು ಹೋದದ್ದು ನನ್ನನ್ನು ಉಳಿಸಿಕೊಳ್ಳಲು.

ನಿಮ್ಮಲ್ಲಿ ಒಂದು ಬೇಡಿಕೆ. ನಿಮ್ಮ ಕಾಲೇಜಿನಲ್ಲಿ ನಾಳೆ ಒಂದು ಸುತ್ತು ಹಾಕಿ. ಯಾವ ಬಾಗಿಲ ಮೇಲೆ ತಿಳಿಯದ ಹೆಸರು ಇದೆಯೋ ಅದರ ಕೆಳಗೆ ಸೀಮೆಸುಣ್ಣದಿಂದ ಬರೆಯಿರಿ: ಇಲ್ಲಿ ಲೆಕ್ಕ ಹೇಳಿಕೊಡುತ್ತಾರೆ. ಇಲ್ಲಿ ಯಾವ ಕೆಲಸಕ್ಕೆ ಹೇಗೆ ಅರ್ಜಿ ಹಾಕಬೇಕೆಂದು ಹೇಳಿಕೊಡುತ್ತಾರೆ. ಇಲ್ಲಿ ಮನಸ್ಸು ನೊಂದವರು ಬಂದು ಕೂಡಬಹುದು. ಬೀಗ ಇದ್ದರೆ ಕೀಲಿ ಯಾರ ಹತ್ತಿರ ಇದೆ ಎಂದು ಅವರ ಹೆಸರನ್ನೂ ಬರೆಯಿರಿ. ಅಳಿಸಿದರೆ ಮತ್ತೆ ಬರೆಯಿರಿ. ಒಳಗೆ ಕೂತ ಮಾಸ್ತರರೇ, ಎದ್ದು ಹೊರಗೆ ಬನ್ನಿ. ಇನ್ನೂ ನಿಮ್ಮ ಬಾಗಿಲು ಒಳಗಿನಿಂದಲೂ ತೆರೆಯುತ್ತದೆ. ನೀವು ಇದನ್ನು ಮಾಡುತ್ತೀರೆಂಬ ನಂಬಿಕೆ ನನಗೆ ಅಷ್ಟೇನಿಲ್ಲ. ಕಾಗದ ಓದಿ ಕಣ್ಣೊರೆಸಿಕೊಂಡು ಚಪ್ಪಾಳೆ ಹೊಡೆಯುತ್ತೀರಿ. ಹೊಡೆಯಬೇಡಿ.

ಬಿಸಿಲು ಏರಿತು, ಅಂಚೆಯವನು ಎಡಗಡೆಯ ಡಬ್ಬಿ ತೆಗೆಯುವ ಹೊತ್ತಾಯಿತು. ನಾಳೆ ಬೆಳಿಗ್ಗೆ ಐದಕ್ಕೆ ನಾನು ಮೆಟ್ಟಿಲು ಹತ್ತುತ್ತೇನೆ. ನಲವತ್ಮೂರು ಇದೆ ಎಂದು ಕೂಗುವುದಿಲ್ಲ, ನಲವತ್ಮೂರನ್ನೂ ಕೂಗುತ್ತೇನೆ. ಒಂದೊಂದರ ಹೆಸರು, ಅದರ ಹಿಂದೆಯೇ ಓಣಿಯ ಕನ್ನಡದಲ್ಲಿ ಅದರ ಅರ್ಥ. ಮೊಗಸಾಲೆಯಲ್ಲಿ ಕೆಂಪು ದೀಪ ಹತ್ತಲಿ, ನನ್ನನ್ನು ಇಳಿಸಲು ಇಬ್ಬರು ಬರಲಿ. ರಾಕ್ಷಸನನ್ನು ರಂಗದಿಂದ ಇಳಿಸಲು ಇಬ್ಬರು ಸಾಲುವುದಿಲ್ಲ. ನಲವತ್ತೊಂದನೆಯದಕ್ಕೆ ಬಂದಾಗ ಉಸಿರು ತೆಗೆದುಕೊಳ್ಳುತ್ತೇನೆ, ಮೊಗಸಾಲೆಯ ಬಾಯಲ್ಲಿ ನಿಂತವಳ ಕಡೆ ಈ ಸಲ ಮುಖ ತಿರುಗಿಸಿ ನಿಲ್ಲುತ್ತೇನೆ, ಮರುಶ್ರವಣ ನಿವೇದನಾ ಪ್ರಕೋಷ್ಠ ಎಂದು ಅಕ್ಷರ ಅಕ್ಷರ ಬಿಡಿಸಿ, ತಗ್ಗಿನ ಓಣಿಯ ತನಕ ಕೇಳುವ ಹಾಗೆ, ಹೇಳಿಕೊಡುತ್ತೇನೆ.